ಹಿತ್ತಲ ಗಿಡವೂ ಪಥ್ಯವೂ

ಅರೆಗತ್ತಲೆಯ ಕೋಣೆ, ಹೊಟ್ಟೆಯ ಮೇಲೆ ತಣ್ಣಗಿನ ಜೆಲ್, ಬಲ ಪಕ್ಕೆಲುಬಿನ ಕೆಳಗೆ ಒತ್ತಿ ಒತ್ತಿ ಸರಿಯುವ ಸ್ಕ್ಯಾನಿಂಗ್ ಉಪಕರಣ. ಪರದೆಯಲ್ಲಿ ಲಿವರ್ ಕಾಣುತ್ತದೆ, ಅದಕ್ಕೆ ಆನಿಕೊಂಡಂತೆ ಬಲಗಡೆಯ ಮೂತ್ರಪಿಂಡವೂ ಕಾಣುತ್ತದೆ. ಆರೋಗ್ಯವಂತರಲ್ಲಿ ಎರಡರ ಬೂದುಬಣ್ಣ ಹೆಚ್ಚುಕಡಿಮೆ ಒಂದೇ. ಕೊಬ್ಬು ಕೂತ ಲಿವರ್ ಮಾತ್ರ ಪಕ್ಕದ ಮೂತ್ರಪಿಂಡಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಆ ಹೊಳಪು ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಒಂದು ಸಾಲಾಗಿ ವರದಿಯ ಜೊತೆ ಮನೆಗೆ ಬರುತ್ತದೆ. ನೋವಿಲ್ಲ, ಜ್ವರವಿಲ್ಲ, ಕಣ್ಣು ಹಳದಿಯಾಗಿಲ್ಲ. ಬಹಳ ಸಲ ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಈ ಕಾಯಿಲೆ ಸಿಕ್ಕಿಬೀಳುತ್ತದೆ.

ಮನೆಯಲ್ಲಿ ಮಾತು ಶುರುವಾಗುವುದು ಆಮೇಲೆ. ಅಜ್ಜಿ ನೆಲನೆಲ್ಲಿ ಎನ್ನುತ್ತಾರೆ. ಚಿಕ್ಕಪ್ಪ ಅಮೃತಬಳ್ಳಿ ಎನ್ನುತ್ತಾರೆ. ಮಗಳು ಫೋನಿನಲ್ಲಿ ಮಿಲ್ಕ್ ಥಿಸಲ್ ಕ್ಯಾಪ್ಸೂಲಿನ ಡಬ್ಬಿ ತೋರಿಸುತ್ತಾಳೆ. ‘ಹಿತ್ತಲ ಗಿಡ ಮದ್ದಲ್ಲ’ ಎಂದು ಗಾದೆ ಕಟ್ಟಿದ ನಾಡಿನಲ್ಲಿ ಈಗ ಹಿತ್ತಲ ಗಿಡವೇ ಮುಚ್ಚಳ ಹಾಕಿಸಿಕೊಂಡು, ಮಿಲಿಗ್ರಾಂ ಬರೆಸಿಕೊಂಡು ಮನೆಬಾಗಿಲಿಗೆ ಬರುತ್ತಿದೆ. ಯಾವುದಾದರೇನು, ಗಿಡಮೂಲಿಕೆ ತಾನೇ, ಕೆಡುಕೇನೂ ಆಗುವುದಿಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಈ ಮಾತಿನೊಳಗೆ ಎರಡು ನಂಬಿಕೆಗಳು ಹೆಣೆದುಕೊಂಡಿವೆ. ಗಿಡ ಎಂದರೆ ಒಳ್ಳೆಯದು ಎಂಬುದು ಒಂದು. ಉಣ್ಣುವುದನ್ನು, ಕೂರುವುದನ್ನು, ಮಲಗುವುದನ್ನು ಬದಲಿಸದೆಯೂ ಗುಣ ಕಾಣಬಹುದು ಎಂಬುದು ಇನ್ನೊಂದು. ಮೊದಲನೆಯದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದು. ಎರಡನೆಯದು ಹಳೆಯ ಧರ್ಮಜಿಜ್ಞಾಸೆಗೆ ಸೇರಿದ್ದು: ಗುಣವಾಗುವುದೆಂದರೆ ಹೊರಗಿನಿಂದ ಏನನ್ನೋ ಪಡೆಯುವುದೇ, ಒಳಗಿನಿಂದ ಏನನ್ನೋ ಬಿಡುವುದೇ?

ಲಿವರಿನ ಜೀವಕೋಶಗಳಲ್ಲಿ 5%ಕ್ಕಿಂತ ಹೆಚ್ಚಿನವು ಕೊಬ್ಬಿನ ಹನಿ ತುಂಬಿಕೊಂಡರೆ ಅದು ಫ್ಯಾಟಿ ಲಿವರ್. ಮದ್ಯ ಮುಟ್ಟದವರಿಗೂ ಬರುವ ಬಗೆಗೆ 2023ರಲ್ಲಿ ತಜ್ಞರು ಹೊಸ ಹೆಸರು ಕೊಟ್ಟು, ದೇಹದ ಚಯಾಪಚಯ ಹದ ತಪ್ಪಿದ್ದೇ ಇದರ ಮೂಲ ಎಂಬುದನ್ನು ಹೆಸರಿನಲ್ಲೇ ಸೇರಿಸಿದರು. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇದು ಇದೆ. ಭಾರತದ ಕೇಂದ್ರ ಆರೋಗ್ಯ ಇಲಾಖೆ 2021ರಲ್ಲಿ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. ಬಹುಪಾಲು ಜನರಲ್ಲಿ ಕೊಬ್ಬು ಸುಮ್ಮನೆ ಕೂತಿರುತ್ತದೆ. ಕೆಲವರಲ್ಲಿ ಉರಿಯೂತ ಹುಟ್ಟಿ, ಲಿವರ್ ನಾರುಗಟ್ಟಿ, ಕೊನೆಗೆ ಸಿರೋಸಿಸ್‌ವರೆಗೆ ಹೋಗುತ್ತದೆ.

ನೆಲನೆಲ್ಲಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮಳೆ ಹಿಡಿದ ಮೇಲೆ ಅಡಿಕೆ ತೋಟದ ನೆಲದಲ್ಲಿ, ಗದ್ದೆಯ ಬದುವಿನಲ್ಲಿ, ಬಸ್ ನಿಲ್ದಾಣದ ಗೋಡೆಯ ಬಿರುಕಿನಲ್ಲಿ ಅದು ತಾನಾಗಿ ಏಳುತ್ತದೆ. ಗೇಣುದ್ದದ ಗಿಡ, ಹುಣಿಸೆ ಎಲೆಯನ್ನು ನೆನಪಿಸುವ ಸಣ್ಣ ಎಲೆಗಳು. ಮೇಲಿನಿಂದ ನೋಡಿದರೆ ಕಾಯಿ ಕಾಣುವುದೇ ಇಲ್ಲ. ಕಡ್ಡಿಯನ್ನು ಬೆರಳಿನಿಂದ ಮಗುಚಿದಾಗ ಎಲೆಗಳ ಅಡಿಯಲ್ಲಿ ಸಾಲಾಗಿ ಜೋತ ಹಸಿರು ಮಣಿಗಳು, ಒಂದೊಂದೂ ನೆಲ್ಲಿಕಾಯಿಯ ಪುಟ್ಟ ಪ್ರತಿರೂಪ. ಮಲೆನಾಡಿನಲ್ಲಿ, ಬಯಲುಸೀಮೆಯಲ್ಲಿ ಕಾಮಾಲೆಗೆ ಮದ್ದು ಕೊಡುವ ಎಷ್ಟೋ ಮನೆಗಳು ಇದನ್ನು ಬೇರು ಸಮೇತ ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಖಾಲಿ ಹೊಟ್ಟೆಗೆ ಕುಡಿಸುತ್ತ ಬಂದಿವೆ.

ಆ ಮನೆಗಳಲ್ಲಿ ಮದ್ದು ಒಂಟಿಯಾಗಿ ಬರುತ್ತಿರಲಿಲ್ಲ. ಇಷ್ಟು ದಿನ ಎಣ್ಣೆ ಬೇಡ, ಕರಿದದ್ದು ಬೇಡ, ಮಾಂಸ ಬೇಡ, ಹೆಂಡ ಮುಟ್ಟಬಾರದು, ಮಜ್ಜಿಗೆ ಅನ್ನ ಸಾಕು, ಬಿಸಿಲಲ್ಲಿ ದುಡಿಯಬೇಡ ಎಂಬ ಕಟ್ಟಳೆ ಜೊತೆಗೇ ಇರುತ್ತಿತ್ತು. ಪಥ್ಯ ಮುರಿದರೆ ಮದ್ದು ಹತ್ತುವುದಿಲ್ಲ ಎಂದು ಕೊಡುವವರೂ ಹೇಳುತ್ತಿದ್ದರು, ತೆಗೆದುಕೊಳ್ಳುವವರೂ ನಂಬುತ್ತಿದ್ದರು. ಹಣ ಮುಟ್ಟದ ಮನೆಗಳಿದ್ದವು, ದೇವರ ಮುಂದೆ ಕಾಯಿ ಇಟ್ಟು ಹೋಗಿ ಎನ್ನುವ ಮನೆಗಳಿದ್ದವು. ಗಿಡದ ಹೆಸರು ಹೇಳಿದರೆ ಗುಣ ಹೋಗುತ್ತದೆ ಎಂಬ ಗುಟ್ಟಿನ ನಿಯಮವೂ ಇತ್ತು. ಈ ಕೊನೆಯ ನಿಯಮದಿಂದ ಆದ ನಷ್ಟ ಸಣ್ಣದಲ್ಲ. ಎಷ್ಟೋ ಅರಿವು ವೈದ್ಯರ ಜೊತೆಗೇ ಮಣ್ಣಾಯಿತು. ಹೆಸರಿಲ್ಲದ ಮದ್ದನ್ನು ಪ್ರಶ್ನಿಸಲೂ ಬರುವುದಿಲ್ಲ, ತಪ್ಪಿದ್ದರೆ ತಿದ್ದಲೂ ಬರುವುದಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್-ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಕುಡಿಸಿದ ಎಲ್ಲ ಸೊಪ್ಪಿಗೂ ಕೀರ್ತಿ ಬಂದೀತು. ಹಾಗಾದರೆ ನೆಲನೆಲ್ಲಿಯ ಪಾಲು ಎಷ್ಟು, ಕಾಲದ ಪಾಲು ಎಷ್ಟು, ಮಜ್ಜಿಗೆ ಅನ್ನದ ಪಾಲು ಎಷ್ಟು?

ಇದನ್ನು ಬಿಡಿಸಿ ನೋಡಲು ಹೊರಟವರ ಕಥೆ ಮದ್ರಾಸಿನದು. ಅಲ್ಲಿನ ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್-ಬಿ ವೈರಸ್ಸನ್ನು ಮೈಯಲ್ಲಿ ಹೊತ್ತವರಿಗೆ ನೆಲನೆಲ್ಲಿಯ ಒಣಪುಡಿಯನ್ನು 30 ದಿನ ಕೊಟ್ಟರು. ಇನ್ನೊಂದು ಗುಂಪಿಗೆ ಔಷಧಿಯಂತೆಯೇ ಕಾಣುವ, ಒಳಗೆ ಏನೂ ಇಲ್ಲದ ಪುಡಿ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗಿಡ ತೆಗೆದುಕೊಂಡವರಲ್ಲಿ 59% ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಇನ್ನೊಂದು ಗುಂಪಿನಲ್ಲಿ 4% ಮಾತ್ರ. ಲೇಖಕರಲ್ಲಿ ಒಬ್ಬರು ಬರೂಚ್ ಬ್ಲೂಂಬರ್ಗ್, ಅದೇ ವೈರಸ್ಸನ್ನು ಕಂಡುಹಿಡಿದ ಕೆಲಸಕ್ಕೆ 1976ರಲ್ಲಿ ನೊಬೆಲ್ ಪಡೆದವರು. ಹಿತ್ತಲ ಗಿಡಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬೇಕಾಗಿತ್ತು. ಎರಡು ವರ್ಷದ ಬಳಿಕ ಅದೇ ಪತ್ರಿಕೆಯಲ್ಲಿ ಬಂದ ಥಾಯ್ಲೆಂಡಿನ ಅಧ್ಯಯನದಲ್ಲಿ ಆ ಗುಣ ಕಾಣಲಿಲ್ಲ. ಮುಂದಿನ ಬೇರೆ ಪ್ರಯತ್ನಗಳಲ್ಲೂ ಮದ್ರಾಸಿನ ಅಂಕಿ ಮರುಕಳಿಸಲಿಲ್ಲ. ಗಿಡದ ಜಾತಿ ಬೇರೆಯೇ, ಮಣ್ಣು ಬೇರೆಯೇ, ಕೊಯ್ದ ಋತು ಬೇರೆಯೇ ಎಂಬ ಚರ್ಚೆ ಹುಟ್ಟಿತು.

ಹಳ್ಳಿಯ ವೈದ್ಯರ ಗುಟ್ಟಿಗೂ ಈ ಬಹಿರಂಗ ಪರೀಕ್ಷೆಗೂ ಇರುವ ವ್ಯತ್ಯಾಸವನ್ನು ವಿಜ್ಞಾನ ಮತ್ತು ಸಂಪ್ರದಾಯಗಳ ಜಗಳ ಎಂದು ಬಣ್ಣಿಸುವುದು ರೂಢಿ. ಅದು ಸರಿಯಲ್ಲ. ಸಂಪ್ರದಾಯದ ಒಳಗೇ ಈ ಪರೀಕ್ಷೆಯ ಬೀಜವಿದೆ. ಚರಕ ಸಂಹಿತೆ ಅರಿವಿಗೆ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ: ಆಪ್ತರ ಮಾತು, ಪ್ರತ್ಯಕ್ಷ, ಅನುಮಾನ, ಯುಕ್ತಿ. ನ್ಯಾಯ, ಸಾಂಖ್ಯಗಳ ಪಟ್ಟಿಗಳಲ್ಲಿ ಇಲ್ಲದ ಯುಕ್ತಿಯನ್ನು ವೈದ್ಯಗ್ರಂಥ ಸೇರಿಸಿಕೊಂಡದ್ದು ಸುಮ್ಮನೆ ಅಲ್ಲ. ಕಾರಣಗಳು ಹಲವು ಕೂಡಿ ಒಂದು ಫಲವಾಗುವಾಗ ಯಾವುದರ ಪಾಲು ಎಷ್ಟು ಎಂದು ತೂಗುವ ಬುದ್ಧಿ ವೈದ್ಯನಿಗೆ ಬೇಕೇ ಬೇಕು. ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ ಇನ್ನೊಂದು ಎಚ್ಚರವಿದೆ: ಆಡು ಕಾಯುವವರು, ದನ ಕಾಯುವವರು, ಕಾಡಿನವರು ಗಿಡಗಳ ಹೆಸರು ರೂಪ ಬಲ್ಲರು, ಆದರೆ ಅಷ್ಟರಿಂದಲೇ ಅದನ್ನು ಯಾರಿಗೆ, ಎಷ್ಟು, ಯಾವಾಗ ಕೊಡಬೇಕೆಂಬುದು ತಿಳಿದಂತಾಗುವುದಿಲ್ಲ. ಅರಿಯದ ಔಷಧವನ್ನು ಅದು ವಿಷದ, ಬೆಂಕಿಯ ಸಾಲಿಗೆ ಸೇರಿಸುತ್ತದೆ.

ಫ್ಯಾಟಿ ಲಿವರಿಗೆ ಗಿಡದ ಸಾರ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಕೌಲಾಲಂಪುರದ ಮಲಯ ವಿಶ್ವವಿದ್ಯಾಲಯದ್ದು ಮುಖ್ಯವಾದದ್ದು. ಮಿಲ್ಕ್ ಥಿಸಲ್ ಯುರೋಪಿನ ಮೆಡಿಟರೇನಿಯನ್ ಕಡೆಯ ಮುಳ್ಳುಗಿಡ, ಎಲೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ಗೀರು. ಅದರ ಬೀಜದ ಸಾರ ಸಿಲಿಮರಿನ್. ಯುರೋಪಿನಲ್ಲಿ ವಿಷದ ಅಣಬೆ ತಿಂದವರ ಲಿವರ್ ಉಳಿಸಲು ಇದರ ಒಂದು ಅಂಶವನ್ನು ರಕ್ತನಾಳಕ್ಕೆ ಕೊಡುವುದುಂಟು. 2017ರಲ್ಲಿ ಪ್ರಕಟವಾದ ಮಲೇಷಿಯಾದ ಅಧ್ಯಯನದಲ್ಲಿ ಉರಿಯೂತದ ಹಂತ ಮುಟ್ಟಿದ 99 ರೋಗಿಗಳು 48 ವಾರ ಭಾಗವಹಿಸಿದರು. ಅರ್ಧ ಜನಕ್ಕೆ ದಿನಕ್ಕೆ ಮೂರು ಸಲ 700 ಮಿಲಿಗ್ರಾಂ ಸಿಲಿಮರಿನ್, ಉಳಿದವರಿಗೆ ಹುಸಿಗುಳಿಗೆ. ಮೊದಲೂ ಕೊನೆಗೂ ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡಿದರು. ಗೊತ್ತುಮಾಡಿಕೊಂಡ ಗುರಿಯನ್ನು ಮುಟ್ಟಿದವರು ಸಿಲಿಮರಿನ್ ಗುಂಪಿನಲ್ಲಿ 32.7%, ಹುಸಿಗುಳಿಗೆಯ ಗುಂಪಿನಲ್ಲಿ 26%. ಗೆದ್ದಿತು ಎನ್ನಲು ಆ ಅಂತರ ಸಾಲದು. ನಾರುಗಟ್ಟುವಿಕೆ ಕಡಿಮೆಯಾದ ಸೂಚನೆ ಮಾತ್ರ ಸಿಕ್ಕಿತು, ಅದನ್ನು ಖಚಿತಪಡಿಸಲು ಇನ್ನೂ ದೊಡ್ಡ ಪರೀಕ್ಷೆ ಬೇಕು ಎಂದು ಸಂಶೋಧಕರೇ ಬರೆದರು.

ಆ 26ರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಏನೂ ಇಲ್ಲದ ಗುಳಿಗೆ ನುಂಗಿದ ನಾಲ್ವರಲ್ಲಿ ಒಬ್ಬರ ಲಿವರ್ ಸುಧಾರಿಸಿತು! ಚೂರು ತೆಗೆದ ಜಾಗ ಬೇರೆಯಾಗಿದ್ದಿರಬಹುದು, ಕಾಯಿಲೆ ತಾನಾಗಿ ಏರಿಳಿದಿರಬಹುದು. ಇದರ ಜೊತೆಗೆ, ಅಧ್ಯಯನಕ್ಕೆ ಸೇರಿದವರಿಗೆ ಊಟ ಮತ್ತು ವ್ಯಾಯಾಮದ ಸಲಹೆ ಸಿಗುತ್ತದೆ, ತಿಂಗಳು ತಿಂಗಳೂ ಯಾರೋ ತೂಕ ನೋಡುತ್ತಾರೆ, ಕೇಳುವವರೊಬ್ಬರು ಇದ್ದಾರೆಂದು ತಟ್ಟೆಯ ಮುಂದೆ ಕೈ ತಡೆಯುತ್ತದೆ. ಒಂದು ವರ್ಷದ ವ್ರತ ಹಿಡಿದಂತೆಯೇ ಅದು. ಹಳ್ಳಿಯ ವೈದ್ಯರು ಕಟ್ಟಳೆಯಾಗಿ ಕೊಡುತ್ತಿದ್ದ ಪಥ್ಯ ಇಲ್ಲಿ ಹುಸಿಗುಳಿಗೆಯ ಬೆನ್ನಿಗೆ ನಿಂತಿದ್ದರೆ ಆಶ್ಚರ್ಯವಿಲ್ಲ.

ಸಾರ ಎಂಬ ಪದ ಕನ್ನಡದಲ್ಲಿ ಗೌರವದ ಪದ. ಸಾರವನ್ನು ಹಿಡಿದು ಸಿಪ್ಪೆಯನ್ನು ಬಿಡಬೇಕೆಂಬುದು ಮಠದಲ್ಲೂ ಪಾಠಶಾಲೆಯಲ್ಲೂ ಕೇಳಿಬರುವ ಬೋಧೆ. ಗಿಡದ ವಿಷಯದಲ್ಲಿ ಅದು ಅಷ್ಟು ಸರಳವಲ್ಲ. ಅಡುಗೆಮನೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಅಂಶ ಸುಮಾರು 3%. ಅದನ್ನು ದ್ರಾವಕದಲ್ಲಿ ಕರಗಿಸಿ, ದ್ರಾವಕವನ್ನು ಆವಿಯಾಗಿಸಿ, ಒಣಗಿಸಿದ ಡಬ್ಬಿಯ ಪುಡಿಯಲ್ಲಿ 95% ಇರುತ್ತದೆ. ಹಾಗಿದ್ದರೂ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ದಾರಿ ತೋರಿಸಿತು: ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಬೆರೆಸಿದರೆ ಮನುಷ್ಯರಲ್ಲಿ ಕರ್ಕ್ಯುಮಿನ್ ಹೀರಿಕೆ ಸುಮಾರು 20 ಪಟ್ಟು ಏರುತ್ತದೆ. ಇಂದು ಜಗತ್ತಿನಾದ್ಯಂತ ಮಾರಾಟವಾಗುವ ಅರಿಶಿನದ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಇರುವುದು ಈ ಕಾರಣಕ್ಕೆ.

ಫ್ಯಾಟಿ ಲಿವರಿನಲ್ಲಿ ಕರ್ಕ್ಯುಮಿನ್ ಕೊಬ್ಬು ತಗ್ಗಿಸುತ್ತದೆ ಎಂದು ಇರಾನಿನ ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಇನ್ನೊಂದು ಪಕ್ಕದಲ್ಲಿ, ಅಮೆರಿಕದಲ್ಲಿ ಔಷಧಗಳಿಂದಾಗುವ ಲಿವರ್ ಹಾನಿಯನ್ನು ದಾಖಲಿಸುವ ಜಾಲ 2022ರಲ್ಲಿ ಅರಿಶಿನದ ಪೂರಕಗಳಿಂದ ಲಿವರ್ ಕೆಟ್ಟ 10 ಜನರ ವಿವರ ಕೊಟ್ಟಿತು. ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿ ಒಂದೇ ಬಗೆಯ ವಂಶವಾಹಿ ಹೊತ್ತಿದ್ದರು. ಪರೀಕ್ಷಿಸಿದ ಕೆಲವು ಡಬ್ಬಿಗಳಲ್ಲಿ ಮೆಣಸಿನ ಅಂಶವೂ ಸಿಕ್ಕಿತು. ಹಸಿರು ಚಹಾದ್ದೂ ಇದೇ ಕಥೆ. ಲೋಟದಲ್ಲಿ ಕುದಿಸಿ ಕುಡಿದರೆ ತೊಂದರೆ ಇಲ್ಲದ ಎಲೆ, ಸಾರವಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚಿನ ಕ್ಯಾಟೆಚಿನ್ ಕೊಟ್ಟಾಗ ಲಿವರಿನ ಕಿಣ್ವಗಳನ್ನು ಏರಿಸಬಲ್ಲದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಸಾಂಬಾರಿಗೆ ಚಿಟಿಕೆ ಅರಿಶಿನ ಹಾಕುವ ಕೈಗೆ ಈ ಭಯ ಬೇಕಿಲ್ಲ. ಚಿಟಿಕೆ ಎಂಬ ಅಳತೆಯನ್ನೇ ಕಿತ್ತುಹಾಕಿದ ಮೇಲೆ ಉಳಿಯುವುದು ಅರಿಶಿನವೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಪ್ರಮಾಣ ಎಂದರೆ ಕನ್ನಡದಲ್ಲಿ ಅಳತೆಯೂ ಹೌದು, ಸಾಕ್ಷಿಯೂ ಹೌದು, ಆಣೆಯೂ ಹೌದು. ಮೂರೂ ಅರ್ಥಗಳು ಇಲ್ಲಿ ಒಂದೇ ಜಾಗದಲ್ಲಿ ಬಂದು ಕೂರುತ್ತವೆ.

ಅಮೃತಬಳ್ಳಿಯ ವಿಷಯ ಮನಸ್ಸಿಗೆ ಇನ್ನೂ ಹತ್ತಿರ. ಹೃದಯದ ಆಕಾರದ ಎಲೆ, ಬೇವಿನ ಮರಕ್ಕೆ ಹಬ್ಬಿದ್ದಾದರೆ ಶ್ರೇಷ್ಠ ಎಂಬ ನಂಬಿಕೆ. ಕೊರೊನಾ ದಿನಗಳಲ್ಲಿ ಎಷ್ಟು ಮನೆಗಳಲ್ಲಿ ಅದರ ಕಾಂಡ ಜಜ್ಜಿ ಕಷಾಯ ಕುದಿಯಿತೋ! ಮುಂಬೈಯ ವೈದ್ಯರು 2021ರಲ್ಲಿ ಅಂಥ ಕಷಾಯ ಕುಡಿದ 6 ಜನರ ಲಿವರ್ ಕೆಟ್ಟದ್ದನ್ನು ಬರೆದರು. ಆಯುಷ್ ಸಚಿವಾಲಯ, ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಅದೇ ಕುಲದ ಬೇರೊಂದು ಬಳ್ಳಿ ಇರಬಹುದು ಎಂದು ಆಕ್ಷೇಪಿಸಿತು. ಮರುವರ್ಷ ದೇಶದ ಹಲವು ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ತಮ್ಮ ಮೈಯ ರಕ್ಷಣಾಪಡೆಯೇ ಲಿವರಿನ ಮೇಲೆ ತಿರುಗಿಬೀಳುವ ಗುಣ ಅವರಲ್ಲಿ ಅನೇಕರಿಗೆ ಮೊದಲಿನಿಂದ ಒಳಗೇ ಅಡಗಿತ್ತು, ಬಳ್ಳಿ ಅದನ್ನು ಕೆರಳಿಸಿತು ಎಂಬುದು ವೈದ್ಯರ ವಿವರಣೆ. ಒಬ್ಬನಿಗೆ ಅಮೃತವಾದದ್ದು ಇನ್ನೊಬ್ಬನಿಗೆ ಆಗದಿರಬಹುದು ಎಂಬುದನ್ನು ಆಯುರ್ವೇದ ಪ್ರಕೃತಿಯ ಮಾತಿನಲ್ಲಿ ಹೇಳುತ್ತಲೇ ಬಂದಿದೆ. ಎಲ್ಲರಿಗೂ ಒಂದೇ ಅಳತೆಯ ಡಬ್ಬಿ ಮಾರುವ ಸಂತೆ ಆ ಮಾತನ್ನು ಮರೆತಿದೆ.

ಬುದ್ಧನ ವೈದ್ಯ ಜೀವಕನ ಪ್ರಸಂಗ ವಿನಯಪಿಟಕದಲ್ಲಿದೆ. ತಕ್ಷಶಿಲೆಯಲ್ಲಿ ಏಳು ವರ್ಷ ಕಲಿತವನಿಗೆ ಗುರು, ಊರ ಸುತ್ತ ಒಂದು ಯೋಜನ ಹುಡುಕಿ ಮದ್ದಲ್ಲದ ಗಿಡವನ್ನು ತಾ ಎನ್ನುತ್ತಾನೆ. ಜೀವಕ ಬರಿಗೈಯಲ್ಲಿ ಮರಳುತ್ತಾನೆ, ಗುರು ನಿನ್ನ ಕಲಿಕೆ ಮುಗಿಯಿತೆನ್ನುತ್ತಾನೆ. ಈ ಕಥೆಯನ್ನು ಗಿಡವೆಲ್ಲ ಒಳ್ಳೆಯದು ಎಂಬ ಮಾತಿಗೆ ಸಾಕ್ಷಿಯಾಗಿ ಹೇಳುವವರು ಹೆಚ್ಚು. ಕನ್ನಡದಲ್ಲೇ ಅದರ ಇನ್ನೊಂದು ಮುಖವಿದೆ. 14ನೇ ಶತಮಾನದ ಜೈನ ಕವಿ ಮಂಗರಾಜ ‘ಖಗೇಂದ್ರಮಣಿದರ್ಪಣ’ ಎಂಬ ಇಡೀ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ಬರೆದ. ಹಾವು ಚೇಳುಗಳ ವಿಷದ ಜೊತೆ ಗಿಡ ಬೇರುಗಳ ವಿಷವೂ ಅಲ್ಲಿದೆ. ಗಿಡದಲ್ಲಿ ಬಲವಿದೆ ಎಂದು ನಿಜವಾಗಿ ನಂಬುವವನು ಅದಕ್ಕೆ ಹೆದರುವುದನ್ನೂ ಕಲಿಯಬೇಕು. ಗುಣ ಮಾಡಬಲ್ಲ ಬಲ ಇದೆ, ಕೆಡುಕು ಮಾಡಬಲ್ಲ ಬಲ ಇಲ್ಲ ಎಂದರೆ ಆ ನಂಬಿಕೆ ಅರ್ಧಕ್ಕೇ ನಿಂತಂತೆ.

ಜೈನ ವೈದ್ಯ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. 9ನೇ ಶತಮಾನದ ಉಗ್ರಾದಿತ್ಯನ ‘ಕಲ್ಯಾಣಕಾರಕ’ ಮಾಂಸ, ಮದ್ಯ, ಜೇನುಗಳನ್ನು ಬಿಟ್ಟು ಚಿಕಿತ್ಸೆ ಕಟ್ಟಲು ಹೊರಟ ಗ್ರಂಥ. ರಾಷ್ಟ್ರಕೂಟ ನೃಪತುಂಗನ ಸಭೆಯೊಂದಿಗೆ ಅದರ ಮಾಂಸನಿಷೇಧದ ವಾದಕ್ಕೆ ನಂಟಿದೆ. ವೈದ್ಯನೊಬ್ಬ ಅರಸನ ಸಭೆಯಲ್ಲಿ ಕೇಳಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಮೈ ಉಳಿಸಿಕೊಳ್ಳಲು ಏನನ್ನು ಬೇಕಾದರೂ ಬಳಸಬಹುದೇ? ಬಿಡುವುದೂ ಚಿಕಿತ್ಸೆಯ ಭಾಗ ಎಂಬುದು ಅವನಿಗೆ ಧರ್ಮವೂ ಆಗಿತ್ತು, ವೈದ್ಯವೂ ಆಗಿತ್ತು.

ಬಿಡುವುದರ ಫಲವನ್ನು ಅಳೆದವರು ಕ್ಯೂಬಾದ ಹವಾನಾದಲ್ಲಿದ್ದಾರೆ. ಲಿವರಿನಲ್ಲಿ ಉರಿಯೂತವಿದ್ದ 293 ಜನರಿಗೆ 52 ವಾರ ಯಾವ ಸಾರವನ್ನೂ ಕೊಡದೆ ಊಟ ಕಡಿಮೆ ಮಾಡಿಸಿ, ನಡಿಗೆ ಮಾಡಿಸಿದರು. 2015ರಲ್ಲಿ ಫಲಿತಾಂಶ ಬಂತು. ಮೈತೂಕದ 10% ಅಥವಾ ಹೆಚ್ಚು ಇಳಿಸಿದವರಲ್ಲಿ 90% ಜನರ ಉರಿಯೂತ ಹೋಯಿತು, 45% ಜನರಲ್ಲಿ ನಾರುಗಟ್ಟಿದ್ದೂ ಹಿಂದೆ ಸರಿಯಿತು. ಈವರೆಗೆ ಯಾವ ಗಿಡದ ಸಾರಕ್ಕೂ ಇಂಥ ಅಂಕಿ ಬಂದಿಲ್ಲ. ಆದರೆ ಅಷ್ಟು ಇಳಿಸಲು ಆದದ್ದು ಹತ್ತರಲ್ಲಿ ಒಬ್ಬರಿಗೆ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಮೊದಲ ಮಾತ್ರೆ ರೆಸ್ಮೆಟಿರೋಮ್‌ಗೆ ಒಪ್ಪಿಗೆ ಸಿಕ್ಕಾಗ ಅದರ ಚೀಟಿಯಲ್ಲೂ ಆಹಾರ ಕ್ರಮ, ವ್ಯಾಯಾಮದ ಜೊತೆಗೆ ಎಂದೇ ಬರೆದಿತ್ತು. ಹೊಸ ಮಾತ್ರೆಗೂ ಪಥ್ಯ ತಪ್ಪಲಿಲ್ಲ.

ಅಷ್ಟು ತೂಕ ಇಳಿಸಲಾಗದ ಉಳಿದ ಒಂಬತ್ತು ಜನ ಏನು ತಪ್ಪು ಮಾಡಿದರು? ಧರ್ಮದ ಭಾಷೆ ಇಲ್ಲಿ ಬಹಳ ಎಚ್ಚರದಿಂದ ಹೆಜ್ಜೆ ಇಡಬೇಕು. ಚರಕ ರೋಗಮೂಲಕ್ಕೆ ಇಟ್ಟ ಹೆಸರುಗಳಲ್ಲೊಂದು ಪ್ರಜ್ಞಾಪರಾಧ: ಬುದ್ಧಿ, ಧೃತಿ, ಸ್ಮೃತಿಗಳು ತಪ್ಪಿ, ಗೊತ್ತಿದ್ದೂ ಗೊತ್ತಿದ್ದೂ ಮಾಡುವ ಕೆಡುಕು. ಮನುಷ್ಯನ ಸ್ವಭಾವದ ಬಗ್ಗೆ ಇಷ್ಟು ನಿಖರವಾದ ಮಾತು ಕಡಿಮೆ. ಆದರೆ ಅದನ್ನು ರೋಗಿಯ ಕಡೆ ಬೆರಳು ತೋರಿಸಲು ಬಳಸಿದರೆ ಅನ್ಯಾಯವಾಗುತ್ತದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ 1,911 ಜನರನ್ನು ಪರೀಕ್ಷಿಸಿ 2010ರಲ್ಲಿ ಬಂದ ಅಧ್ಯಯನದಲ್ಲಿ 8.7% ಜನರಿಗೆ ಮದ್ಯದಿಂದಲ್ಲದ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ಮುಕ್ಕಾಲು ಪಾಲು ದಪ್ಪಗಿರಲೇ ಇಲ್ಲ. ಬಡ ರೈತಾಪಿ ಊರುಗಳು ಅವು. ಲಿವರಿನಲ್ಲಿ ಕೊಬ್ಬು ಕೂರುವುದನ್ನು ಹೆಚ್ಚಿಸುವ ವಂಶವಾಹಿಯ ಒಂದು ರೂಪಾಂತರ 2008ರಲ್ಲೇ ಪತ್ತೆಯಾಗಿದೆ. ಅದನ್ನು ಯಾರೂ ಕೇಳಿ ಪಡೆದದ್ದಲ್ಲ. ರಾತ್ರಿ ಪಾಳಿಯ ಕಾವಲುಗಾರ, ಹತ್ತು ಗಂಟೆ ಸೀಟಿನಿಂದ ಏಳಲಾಗದ ಕ್ಯಾಬ್ ಚಾಲಕ, ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ಮುಂಚೆ ಪಾಲಿಶ್ ಅಕ್ಕಿಯ ಅನ್ನವನ್ನೇ ಎರಡು ಹೊತ್ತಿಗೆ ಕಟ್ಟಿಕೊಳ್ಳುವ ತಾಯಿ, ಇವರಿಗೆ ಧೃತಿಯ ಪಾಠ ಹೇಳುವ ಮೊದಲು ಅವರ ದಿನದಲ್ಲಿ ಪಥ್ಯಕ್ಕೆ ಜಾಗ ಎಲ್ಲಿದೆ ಎಂದು ಹುಡುಕಬೇಕು. ಹಳ್ಳಿಯ ಪಥ್ಯವನ್ನು ರೋಗಿ ಒಬ್ಬನೇ ಹಿಡಿಯುತ್ತಿರಲಿಲ್ಲ. ಮನೆಯಲ್ಲಿ ಆ ದಿನಗಳಲ್ಲಿ ಒಗ್ಗರಣೆಯೇ ಸಿಡಿಯುತ್ತಿರಲಿಲ್ಲ, ಅವನ ಪಾಲಿನ ಕೆಲಸವನ್ನು ಇನ್ನೊಬ್ಬರು ಹೊರುತ್ತಿದ್ದರು.

ಪಥ್ಯ ಗಿಡಕ್ಕೂ ಬೇಕಾಗಿದೆ. ಲಿವರಿನ ಮದ್ದುಗಳಲ್ಲಿ ಬಹಳ ಹೆಸರಾದ ಕಟುಕರೋಹಿಣಿ ಬೆಳೆಯುವುದು ಹಿಮಾಲಯದಲ್ಲಿ, ಸುಮಾರು 3000 ಮೀಟರಿಗಿಂತ ಮೇಲೆ. ಮದ್ದಿಗೆ ಬೇಕಾದದ್ದು ಅದರ ಬೇರುಗಡ್ಡೆ, ಕಿತ್ತರೆ ಗಿಡ ಮುಗಿಯಿತು. ಬೇಡಿಕೆ ಏರಿ ಅಳಿವಿನ ಅಂಚಿಗೆ ಬಂದದ್ದರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1997ರಿಂದ ನಿರ್ಬಂಧವಿದೆ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿಯೂ ಹಾಗೆಯೇ ಅಳಿವಿನ ಅಂಚಿಗೆ ಬಂದಿದೆ. ಅದರಲ್ಲಿರುವ ಬರ್ಬೆರಿನ್ ಈಗ ಫ್ಯಾಟಿ ಲಿವರಿನ ಸಂಶೋಧನೆಯಲ್ಲಿ ಓಡಾಡುತ್ತಿರುವ ಹೆಸರು. ಗ್ರಂಥಿಗೆ ಅಂಗಡಿಯ ಡಬ್ಬಿಯಲ್ಲಿ ಬೆರಳುದ್ದದ ಹಳದಿ ತುಂಡಾಗಿ ಬಿದ್ದಿರುವುದನ್ನು ನೋಡಿದರೆ ಅದು ಎಷ್ಟು ವರ್ಷ ಯಾವ ಮರ ಹಿಡಿದು ಮೇಲೇರಿತ್ತು ಎಂಬುದು ತಿಳಿಯುವುದಿಲ್ಲ.

ನಾಟಿ ವೈದ್ಯರಲ್ಲಿ ಕೆಲವರು ಇಂದಿಗೂ ಪಾಲಿಸುವ ಒಂದು ಕ್ರಮವಿದೆ. ಬೇರು ಬೇಕಾದ ಹಿಂದಿನ ಸಂಜೆ ಗಿಡದ ಬಳಿಗೆ ಹೋಗಿ, ಬುಡಕ್ಕೆ ನೀರೆರೆದು, ಅಕ್ಷತೆ ಇಟ್ಟು, ನಾಳೆ ಬರುತ್ತೇನೆ, ಇಂಥವರ ನೋವಿಗೆ ಬೇಕು, ಅಪ್ಪಣೆ ಕೊಡು ಎಂದು ಕೇಳಿ ಬರುತ್ತಾರೆ. ಬೆಳಕು ಹರಿಯುವ ಮುಂಚೆ, ದಾರಿಯಲ್ಲಿ ಯಾರೊಡನೆಯೂ ಮಾತಾಡದೆ ಹೋಗಿ, ಒಬ್ಬ ರೋಗಿಗೆ ಬೇಕಾದಷ್ಟನ್ನೇ ತರುತ್ತಾರೆ. ರೋಗಿಯ ಪಥ್ಯದ ದಿನಗಳನ್ನು ಎಣಿಸುವುದು ಆ ಬೆಳಗಿನಿಂದ.